ಮ್ಯಾಗ್ನೆಟ್ ಹಿಡಿದ ತಾಮ್ರ

ಗ್ಯಾಸ್ ಕಟರ್‌ನ ನೀಲಿ ಉರಿ ನನ್ನ ಮೂಗಿನಿಂದ ಒಂದೇ ಗೇಣು ದೂರ!

ಹಿಂದೆ ಗುಜರಿ ಕಬ್ಬಿಣದ ರಾಶಿ. ಮುಂದೆ ಕಟರ್ ಹಿಡಿದ ರಾಯಣ್ಣ, ಗಜೇಂದ್ರಗಡದ ಗಾಳಿಯಂತ್ರಗಳ ಸೂಪರ್‌ವೈಸರ್. ನಾನು ದೇವಿಕಾ. ಕಳುವಾದ ಮಾಲು ಹುಡುಕುವುದು ನನ್ನ ಕಸುಬು. ಹುಡುಕಿಯೂ ಇದ್ದೆ, ಕೇಳಿ... ಯಂತ್ರದ ಅಚ್ಚು ತಿರುಗಲು ಹಾಕುವ ಹದಿನೆಂಟು ಕೆಂಪು ಲೋಹದ ಬಳೆಗಳು, ಅಂದರೆ ಬುಶ್‌ಗಳು, ನರಗುಂದದ ಗೌಸುಸಾಬನ ಗುಜರಿ ಅಂಗಡಿಯಲ್ಲಿ.

"ನಿನ್ನ ವರದಿಗೆ ಸಹಿ ಮಾಡ," ಎಂದ ರಾಯಣ್ಣ. "ಕಳ್ಳ ವಾಚ್‌ಮನ್ ಮಂಜು ಅಂತ ಬರಿ."

ಮಂಜುನನ್ನು ಪೊಲೀಸರು ಆಗಲೇ ಜೀಪಿನಲ್ಲಿ ಕೂರಿಸಿ ಒಯ್ದಿದ್ದರು. ನನ್ನ ಸಹಿ ಬಿದ್ದರೆ ಜೈಲು. ಒಂದು ಮೊಳೆ ಕೂಡ ಮುಟ್ಟದ ಮನುಷ್ಯ!

"ಗೌಸುಸಾಬ, ಇದನ್ನ ಯಾರು ತಂದ್ರು?" ಮೂಲೆಯಲ್ಲಿ ಕೂತ ಅಂಗಡಿಯವನನ್ನು ಕೇಳಿದೆ.

ಮುದುಕ ನೆಲ ನೋಡಿದ. "ನೆನಪಿಲ್ಲವ್ವಾ."

ಆ ಉರಿ ಕಂಡರೆ ಯಾರಿಗೆ ನೆನಪು ಉಳಿದೀತು!

ಪೆನ್ ತೆಗೆದೆ.

"ಬರೀತೀನಿ ಬಿಡ್ರಿ. ಮಂಜು ಅಸಲಿ ತಾಮ್ರದ ಬುಶ್ ಕದ್ದ..."

"ಎಲ್ಲಿ ತಾಮ್ರ!" ರಾಯಣ್ಣ ಸಿಡಿದೆದ್ದ. "ಡುಪ್ಲಿಕೇಟ್ ಐತದು! ಮ್ಯಾಗ್ನೆಟ್ ಇಟ್ರ ಗಪ್ಪನ ಹಿಡೀತು. ಈ ಮುದುಕ ನನಗ ಕಬ್ಬಿಣದ ರೇಟ್ ಹಚ್ಚಿದ!"

ಮಾರಿದ್ದು ತಾನೇ ಎಂದು ಅವನ ಬಾಯೇ ಹೇಳಿತ್ತು!

ಗೌಸುಸಾಬ ಎದ್ದು ಸಿಲಿಂಡರ್ ಬಂದ್ ಮಾಡಿದ. ಉರಿ ಫುಸ್!

"ನೆನಪಾತವ್ವಾ. ಇವರೇ ತಂದಿದ್ರು. ಪೊಲೀಸರ ಮುಂದನೂ ಹೇಳ್ತೀನಿ."

ರಾಯಣ್ಣ ಗೇಟಿನ ಕಡೆ ಓಡಿದ. ನಾನು ಒಂದು ಬುಶ್ ಬೀಸಿ ಒಗೆದೆ. ಅದು ಮೊಣಕಾಲಿಗೆ ಬಿತ್ತು. ಅವನು ನೆಲಕ್ಕೆ ಬಿದ್ದ.

ಪೊಲೀಸರಿಗೆ ಫೋನ್ ಮಾಡಿದೆ. ಜೀಪು ಬರುವವರೆಗೆ ಕೆಲಸವಿರಲಿಲ್ಲ. ಅರ ತಗೊಂಡು ಅದೇ ಬುಶ್ ಉಜ್ಜಿದೆ. ಒಳಗೂ ಕೆಂಪು!

"ನೋಡ್ರಿ ರಾಯಣ್ಣ. ಕಬ್ಬಿಣದ ಪುಡಿ ಒತ್ತಿ, ಅದರ ಸಂದಿಗೆ ಕರಗಿದ ತಾಮ್ರ ಕುಡಿಸ್ಯಾರ. ಕಬ್ಬಿಣ ಐತಿ, ಮ್ಯಾಗ್ನೆಟ್ ಹಿಡೀತೈತಿ. ತಾಮ್ರ ಐತಿ, ಬಿಸಿ ಹೊರಗ ಹಾಕ್ತೈತಿ. ಎಷ್ಟ ತಿರುಗಿದ್ರೂ ಲಗೂ ಸವೆಯಂಗಿಲ್ಲ."

"ಅಂದ್ರ... ಅಸಲಿ?" ಅವನು ಮೊಣಕಾಲು ಹಿಡಿದು ನರಳಿದ.

"ಭಾಳ ಚಲೋ ಮಾಲ್ರಿ."

ಜೀಪು ಬಂತು. ಮಂಜು ಇಳಿದ. ನನ್ನ ಎರಡೂ ಕೈ ಹಿಡಿದು ಅತ್ತ. ಅದೇ ಸೀಟಿಗೆ ರಾಯಣ್ಣನನ್ನು ಹತ್ತಿಸಿದರು. ಆಗಲೂ ಅವನ ಕಣ್ಣು ಬುಶ್ ಮೇಲೇ!

"ಖರೇ ಹೇಳ... ಅದು ತಾಮ್ರೋ, ಕಬ್ಬಿಣೋ?"

"ಇದರಾಗ ಎರಡೂ ಅದಾವ್ರಿ. ಜೈಲಿನಾಗ ನೀವು ಎಣಸೂ ಕಂಬಿ ಮಾತ್ರ ಬರೀ ಕಬ್ಬಿಣ... ಬೇಕಂದ್ರ ಮ್ಯಾಗ್ನೆಟ್ ಇಟ್ಟು ನೋಡ್ರಿ!"