ಜಾಲವ್ವನ ಸಗಟು ವ್ಯಾಪಾರ

ಬಹಳ ಬಹಳ ಹಿಂದೆ, ಉಪ್ಪೊಂದು ಬಿಟ್ಟು ಬೇರೆಲ್ಲ ಬೆಳೆಯುವ ಒಂದು ರಾಜ್ಯವಿತ್ತು. ಅದರ ಹೆಸರು ಕುಂಭಾವತಿ. ಸುತ್ತಲೂ ಬೆಟ್ಟ, ನಡುವೆ ಊರು, ಹೊರಗೆ ಹೋಗಲು ಒಂದೇ ಕಣಿವೆ. ಕಡಲ ಕಡೆಯ ಉಪ್ಪು ಆ ಕಣಿವೆಯಲ್ಲೇ ಬರಬೇಕು, ಇಲ್ಲಿನ ಎತ್ತು, ಬೆಲ್ಲ, ಬಟ್ಟೆ ಆ ಕಣಿವೆಯಲ್ಲೇ ಹೋಗಬೇಕು. ಒಂದೇ ಬಾಗಿಲಿನ ಅಂಗಡಿ ಇದ್ದ ಹಾಗೆ. ಬಾಗಿಲಲ್ಲಿ ಯಾರು ಕೂರುತ್ತಾರೋ ಅವರೇ ಯಜಮಾನರು.

ಆ ಬಾಗಿಲಲ್ಲಿ ಒಂದು ಜೇಡ ಬಂದು ಕೂತಿತು.

ಆನೆಯಷ್ಟು ದೊಡ್ಡ ಜೇಡ. ಎಂಟು ಕಾಲು, ಒಂದೊಂದೂ ತೆಂಗಿನ ಮರದಷ್ಟು ಉದ್ದ. ಎಂಟು ಕಣ್ಣು, ಒಂದೊಂದೂ ಹಂಡೆಯ ಬಾಯಷ್ಟು ಅಗಲ. ಈ ಬೆಟ್ಟದಿಂದ ಆ ಬೆಟ್ಟಕ್ಕೆ ಬಲೆ ಕಟ್ಟಿ, ಹಾದುಹೋಗುವವರನ್ನು ಹಿಡಿದು, ನೂಲಿನಲ್ಲಿ ಸುತ್ತಿ ನೇತು ಹಾಕುತ್ತಿತ್ತು. ಜನ ಅದಕ್ಕೆ ಜಾಲವ್ವ ಎಂದು ಹೆಸರಿಟ್ಟರು. ಹೆದರಿಕೆ ಹೆಚ್ಚಾದಾಗ ಮರ್ಯಾದೆಯೂ ಹೆಚ್ಚುತ್ತದೆ.

ಕಣಿವೆಯ ಬಾಯಲ್ಲೇ ಒಂದು ಬುರುಜು. ಅದರಲ್ಲಿ ಧೂಮಕೇಶ ಎಂಬ ಮಾಂತ್ರಿಕ. ಅವನು ತಾಯತ ಮಾರುತ್ತಿದ್ದ. ತಾಯತ ಕಟ್ಟಿಕೊಂಡವರನ್ನು ಜಾಲವ್ವ ಹಿಡಿಯುತ್ತಿರಲಿಲ್ಲ. ಒಂದು ತಾಯತಕ್ಕೆ ಒಂದು ಎತ್ತು. ಅದೂ ಒಂದು ಸಲ ಹೋಗಿ ಬರಲು ಮಾತ್ರ. ಜೇಡ ಬಂದ ವಾರದಲ್ಲೇ ಈ ಅಂಗಡಿ ತೆರೆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಗಜಬಾಹು ಮಹಾರಾಜರು ಸೇನಾಪತಿಯನ್ನು ಕಳಿಸಿದರು. ಸೇನಾಪತಿ ಬಲೆಯಲ್ಲಿ ನೇತಾಡಿದ. ಪುರೋಹಿತರನ್ನು ಕಳಿಸಿದರು. ಅವರೂ ನೇತಾಡಿದರು, ನೈವೇದ್ಯವೂ ನೇತಾಡಿತು. ಆಮೇಲೆ ಮಹಾರಾಜರಿಗೆ ಯಾರನ್ನು ಕಳಿಸಬೇಕೆಂದು ತೋಚಲಿಲ್ಲ. ಉಪ್ಪಿಲ್ಲದ ಸಾರು ಉಂಡು ಮಲಗಿದರು.

ಆ ಊರಿನಲ್ಲಿ ಕೆಂಚೀರ ಎಂಬ ಎತ್ತಿನ ದಲ್ಲಾಳಿ ಇದ್ದ. ಅವನಿಗೆ ತಾಯಿ ತಂದೆ ಎಲ್ಲ ಒಬ್ಬಳೇ, ಅಕ್ಕ ದುಂಡವ್ವ. ದುಂಡವ್ವನದು ಉಪ್ಪಿನ ವ್ಯಾಪಾರ. ಹೇರೆತ್ತುಗಳ ಸಾಲು ಕಟ್ಟಿಕೊಂಡು ಕಡಲಿಗೆ ಹೋಗಿ ಬರುವವಳು. “ನಾನು ಹುಟ್ಟಿದಾಗಿನಿಂದ ನಡೆದ ದಾರಿ. ಇದಕ್ಕೆ ತಾಯತ ಯಾಕೆ ಕಟ್ಟಲಿ?” ಅಂದವಳೇ ಬರಿಗೈಯಲ್ಲಿ ಕಣಿವೆಗೆ ನುಗ್ಗಿದಳು. ತಿರುಗಿ ಬರಲಿಲ್ಲ.

ಕೆಂಚೀರ ತನ್ನಲ್ಲಿದ್ದ ಮೂರು ಎತ್ತುಗಳಲ್ಲಿ ಒಂದನ್ನು ಧೂಮಕೇಶನಿಗೆ ಕೊಟ್ಟು, ತಾಯತ ಕಟ್ಟಿಕೊಂಡು ಕಣಿವೆಗೆ ಹೋದ.

ಬಲೆಯ ತುಂಬ ಗಂಟುಗಳು. ಒಂದೊಂದು ಗಂಟಿಗೂ ಒಂದೊಂದು ಮುಖ. ಸೇನಾಪತಿ ತಲೆಕೆಳಗಾಗಿ ನೇತಾಡುತ್ತಲೇ, “ಎಡಗಡೆಯ ಪಡೆ ಮುಂದೆ ಬರಲಿ!” ಎಂದು ಕೂಗುತ್ತಿದ್ದ. ಅವನ ಎಡಗಡೆ ಒಂದು ಕುಂಬಳಕಾಯಿ ಇತ್ತು.

“ಲೇ ತಮ್ಮಾ, ಇಲ್ಲಿ ನೋಡು!”

ದುಂಡವ್ವ! ಬದುಕಿದ್ದಳು. ಆದರೆ ಅವಳ ಪಾದಗಳು ಬಿಳಿ ನೂಲಾಗಿದ್ದವು.

“ಇಲ್ಲಿ ನೇತಾಡುವವರು ಕಾಲಿನಿಂದ ಮೇಲಕ್ಕೆ ನೂಲಾಗ್ತಾರೆ ಕಣೋ. ಕೆಲವರು ನಿಧಾನ, ಕೆಲವರು ಬೇಗ. ತಲೆಗೆ ಬಂದರೆ ಮುಗೀತು, ಬಟ್ಟೆ ನೇಯಬಹುದು ಅಷ್ಟೇ. ಬೇಗ ಏನಾದರೂ ಮಾಡು. ಆ ಕಳ್ಳನಿಗೆ ಯಾವ ಎತ್ತು ಕೊಟ್ಟೆ?”

“ಮಚ್ಚೆಯದು.”

“ಮಚ್ಚೆಯದಾ! ಕುಂಟು ಎತ್ತು ಇರಲಿಲ್ಲವಾ?”

ಅಷ್ಟರಲ್ಲಿ ಜಾಲವ್ವ ಸರಸರನೆ ಇಳಿದು ಬಂದಳು. ಆದರೆ ಅವನನ್ನು ಹಿಡಿಯಲಿಲ್ಲ. ಅವನ ಹೆಗಲ ಮೇಲಿನ ವಲ್ಲಿಯನ್ನು ಮೆಲ್ಲಗೆ ಎಳೆದು, ಅವನ ಕೈ ಮೇಲೆ ಹೊದಿಸಿ, ತನ್ನ ಕಾಲಿನ ತುದಿಯನ್ನು ಅದರೊಳಗೆ ತೂರಿಸಿದಳು.

ಕೆಂಚೀರ ಕಣ್ಣು ಕಣ್ಣು ಬಿಟ್ಟ. ಎತ್ತಿನ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹೀಗೆ. ಬಾಯಲ್ಲಿ ಬೆಲೆ ಹೇಳುವುದಿಲ್ಲ. ವಲ್ಲಿಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುವುದು. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು.

“ಅಕ್ಕಾ, ಇವಳು ಚೌಕಾಸಿಗೆ ಕರೀತಿದ್ದಾಳೆ!”

“ಇವಳು ಸಂತೆ ಚಪ್ಪರದ ಮೂಲೆಯಲ್ಲಿದ್ದ ಸಣ್ಣ ಜೇಡ ಕಣೋ. ಧೂಮಕೇಶ ಮಂತ್ರ ಹಾಕಿ ಬೆಳೆಸಿದ್ದಾನೆ, ಇಲ್ಲಿ ಬಂದಾಗ ಅವನೇ ಬೈದು ಹೇಳ್ತಾನೆ. ಸಂತೆಯ ಮಾತು ಬಿಟ್ಟರೆ ಇವಳಿಗೆ ಬೇರೆ ಮಾತು ಬರಲ್ಲ. ಏನಂತಾಳೆ?”

ಜಾಲವ್ವ ಅವನ ಐದೂ ಬೆರಳನ್ನು ಸೇರಿಸಿ, ಅಂಗೈಯನ್ನು ಒತ್ತಿ ಮುಚ್ಚಿದಳು. ಐದು! ಆದರೆ ಐದು ಏನು?

“ಹೇಳೋ, ಏನಂದಳು?”

“ವಲ್ಲಿಯ ಕೆಳಗಿನ ಮಾತು ಹೊರಗೆ ಹೇಳೋ ಹಾಗಿಲ್ಲ ಅಕ್ಕಾ.”

“ನಾನು ನಿನ್ನ ಅಕ್ಕ!”

“ಅಪ್ಪ ಬಂದು ಕೇಳಿದರೂ ಹೇಳಲ್ಲ. ಹೇಳಿದವನು ದಲ್ಲಾಳಿಯೇ ಅಲ್ಲ.”

ಜೇಡಕ್ಕೆ ಬೇಕಾದದ್ದು ಮಾಂಸವೇ ಇರಬೇಕೆಂದು ಕೆಂಚೀರ ಲೆಕ್ಕ ಹಾಕಿದ. ಮನೆಗೆ ಬಂದು ಐದು ಕುರಿ ಕೊಂಡ. ಎರಡನೆಯ ಎತ್ತು ಕೊಟ್ಟು ತಾಯತ ಕಟ್ಟಿಕೊಂಡ. ಕುರಿ ಹೊಡೆದುಕೊಂಡು ಹೋಗಿ ಜಾಲವ್ವನ ಮುಂದೆ ನಿಲ್ಲಿಸಿದ.

ಕುರಿಗಳಿಗೆ ತಾಯತ ಇರಲಿಲ್ಲ. ಜಾಲವ್ವ ಐದನ್ನೂ ಸುತ್ತಿ ದುಂಡವ್ವನ ಪಕ್ಕದಲ್ಲಿ ನೇತು ಹಾಕಿದಳು.

“ಲೇ ಮಂಕೇ, ಯಾರು ಹೇಳಿದರೋ ಇವನ್ನು ತರೋಕೆ? ಕಿವಿಯ ಹತ್ತಿರ ಮ್ಯಾ ಅಂತಿವೆ! ಸೊಂಟದವರೆಗೆ ನೂಲಾಗಿದ್ದೀನಿ, ನೆಮ್ಮದಿಯಾಗಿ ಸಾಯೋಕೂ ಬಿಡಲ್ಲವಲ್ಲೋ.”

ಜಾಲವ್ವ ಮತ್ತೆ ವಲ್ಲಿ ಎಳೆದಳು. ಮತ್ತೆ ಐದೂ ಬೆರಳು, ಮತ್ತೆ ಅಂಗೈ. ಈ ಸಲ ಇನ್ನೂ ಗಟ್ಟಿಯಾಗಿ ಒತ್ತಿದಳು. ಸಿಟ್ಟೋ, ಬೇಡಿಕೆಯೋ ಕೆಂಚೀರನಿಗೆ ತಿಳಿಯಲಿಲ್ಲ.

ಹೆಂಗಸಲ್ಲವೇ, ಸೀರೆ ಕೇಳುತ್ತಿರಬೇಕು ಅಂದುಕೊಂಡ. ಊರಿಗೆ ಬಂದು ಐದು ರೇಷ್ಮೆ ಸೀರೆ ತಂದ. ಕೊನೆಗೆ ಉಳಿದಿದ್ದ ಆ ಕುಂಟು ಎತ್ತನ್ನೂ ಕೊಟ್ಟ. ಧೂಮಕೇಶ ಕಿಟಕಿಯಿಂದ ಬಗ್ಗಿ, “ದಲ್ಲಾಳೀ, ಒಳ್ಳೆ ಗಿರಾಕಿ ಕಣಯ್ಯ ನೀನು. ನಾಳೆಯೂ ಬಾ,” ಅಂದ.

ನಾಳೆಗೆ ಎತ್ತು ಇರಲಿಲ್ಲ. ಇದೇ ಕೊನೆಯ ಸಲ.

ಜಾಲವ್ವ ಸೀರೆ ನೋಡಿದಳು. ಎಂಟು ಕಣ್ಣಿನಲ್ಲೂ ನೋಡಿದಳು. ಸುತ್ತಿ ನೇತು ಹಾಕಿದಳು. ದುಂಡವ್ವ ಗದ್ದದವರೆಗೆ ನೂಲಾಗಿದ್ದಳು. ಈಗ ಬೈಯುವ ಶಕ್ತಿಯೂ ಅವಳಿಗೆ ಉಳಿದಿರಲಿಲ್ಲ.

“ತಮ್ಮಾ, ಉಪ್ಪಿನ ಕೋಣೆಯ ಬೀಗದ ಕೈ ಅಟ್ಟದ ಮೇಲಿದೆ. ಹುಷಾರಾಗಿರು,” ಅಂದಳು ಮೆಲ್ಲಗೆ.

ಅಕ್ಕ ಬೈದಿದ್ದರೆ ಕೆಂಚೀರ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ವಲ್ಲಿಯ ಕಟ್ಟಳೆ ಹಾಳಾಗಿ ಹೋಗಲಿ ಅಂದ.

“ಅಕ್ಕಾ, ಐದು ಅಂತಾಳೆ. ಬರೀ ಐದು. ಕುರಿ ತಂದೆ, ಸೀರೆ ತಂದೆ. ನನ್ನ ತಲೆ ಕೆಟ್ಟು ಹೋಗಿದೆ.”

“ಐದು ಅಂದದ್ದು ಹೇಗೆ? ಬೆರಳು ಹಿಡಿದಳೋ, ಅಂಗೈ ಮುಚ್ಚಿದಳೋ?”

“ಬೆರಳು ಸೇರಿಸಿ ಅಂಗೈ ಮುಚ್ಚಿದಳು.”

ದುಂಡವ್ವನಿಗೆ ಎಲ್ಲಿತ್ತೋ ಶಕ್ತಿ, ಬಂತು. “ಅಯ್ಯೋ ಮುಠ್ಠಾಳ! ಅದು ಐದಲ್ಲ ಕಣೋ, ಸಗಟು! ಒಂದೊಂದೇ ಎತ್ತು ಮಾರುವ ನಿನಗೆ ಎಲ್ಲಿ ಗೊತ್ತಿರಬೇಕು? ಉಪ್ಪಿನ ಪೇಟೆಯಲ್ಲಿ ನಾವು ದಿನಾ ಹಿಡೀತೀವಿ. ಬಿಡಿ ಮಾರಾಟ ಇಲ್ಲ, ಇದ್ದದ್ದೆಲ್ಲ ಒಟ್ಟಿಗೆ ತಗೋ ಅಂತಿದ್ದಾಳೆ!”

“ಎಲ್ಲ ಅಂದರೆ?”

“ನಾನು, ಸೇನಾಪತಿ, ಪುರೋಹಿತರು, ಕುರಿ, ಕುಂಬಳಕಾಯಿ. ಆಮೇಲೆ ಅದು.” ಅವಳು ಕಣ್ಣಿನಲ್ಲೇ ತೋರಿಸಿದಳು. ಜಾಲವ್ವನ ಹಿಂಗಾಲಿಗೆ ಒಂದು ಕಪ್ಪು ದಾರ ಕಟ್ಟಿತ್ತು. ಅದು ಕಣಿವೆಯುದ್ದಕ್ಕೂ ಹರಿದು ಬುರುಜಿನ ಕಡೆಗೆ ಹೋಗಿತ್ತು. “ದಾರದ ಆ ತುದಿ ಧೂಮಕೇಶನ ಮಣಿಕಟ್ಟಿನಲ್ಲಿದೆ. ಅವನು ಏನು ಹೇಳಿದರೂ ಈ ತುದಿಯಲ್ಲಿರುವವರು ಮಾಡಲೇಬೇಕು. ಕತ್ತಿಗೆ ಕಡಿಯಲ್ಲ, ಬೆಂಕಿಗೆ ಸುಡಲ್ಲ. ಯಾರಾದರೂ ಕೈಯಾರೆ ಕೊಂಡರೆ ಮಾತ್ರ ಇವಳನ್ನು ಬಿಟ್ಟು ಅವರಿಗೆ ಹತ್ತುತ್ತೆ. ಇವಳಿಗೆ ಬೇಕಾದ ಬೆಲೆಯೂ ಅದೇ. ‘ನಿನ್ನ ಹತ್ತಿರ ಯಾರು ಕೊಳ್ತಾರೆ’ ಅಂತ ಅವನೇ ಇಲ್ಲಿ ನಿಂತು ನಗ್ತಿದ್ದ.”

“ಅದನ್ನು ಕೊಂಡರೆ ನಾನು ಅವನ ಆಳಾಗ್ತೀನಿ.”

“ಹೌದು. ಕೊಳ್ಳಬೇಡ. ಮನೆಗೆ ಹೋಗು.”

ಕೆಂಚೀರ ಹೋಗಲಿಲ್ಲ. ಅಕ್ಕನ ಗದ್ದ ನೋಡಿದ. ನೂಲು ತುಟಿಗೆ ಬರುತ್ತಿತ್ತು. ಆಮೇಲೆ ತಾನೇ ವಲ್ಲಿ ಹಾಸಿ, ಕೈ ಒಳಗಿಟ್ಟು, ಜಾಲವ್ವನ ಕಾಲಿನ ತುದಿಯನ್ನು ಹಿಡಿದು ಪೂರ್ತಿ ಮುಚ್ಚಿದ. ಸಗಟು.

ಬಲೆ ಕಳಚಿತು. ಗಂಟುಗಳೆಲ್ಲ ಹಣ್ಣು ಉದುರಿದ ಹಾಗೆ ದಬದಬನೆ ಬಿದ್ದವು. ನೂಲಾದ ಕಾಲು ಮತ್ತೆ ಕಾಲಾಯಿತು, ನೂಲಾದ ಕೈ ಮತ್ತೆ ಕೈಯಾಯಿತು. ಸೇನಾಪತಿ ಎದ್ದು ನಿಂತು ಯಾರ ಮೇಲೆ ಯುದ್ಧ ಮಾಡಬೇಕೆಂದು ತಿಳಿಯದೆ ಕುಂಬಳಕಾಯಿಗೆ ಸಲಾಮು ಹೊಡೆದ. ಕಪ್ಪು ದಾರ ಜಾಲವ್ವನ ಕಾಲಿನಿಂದ ಜಾರಿ ಕೆಂಚೀರನ ತೋರುಬೆರಳಿಗೆ ಸುತ್ತಿಕೊಂಡಿತು.

ದುಂಡವ್ವ ಓಡಿ ಬಂದು ತಮ್ಮನ ಕೈ ಹಿಡಿದಳು. ಅಷ್ಟರಲ್ಲಿ ದಾರ ಜಗ್ಗಿತು.

“ಜಾಲವ್ವಾ, ಎದ್ದು ಬಾ!” ಬುರುಜಿನಿಂದ ಧೂಮಕೇಶನ ದನಿ.

ಕೆಂಚೀರನ ಕಾಲು ತಾನಾಗಿ ನಡೆಯತೊಡಗಿತು. ಅಕ್ಕ ಎಳೆದರೂ ನಿಲ್ಲಲಿಲ್ಲ. ನಡೆಯುತ್ತಲೇ ಅವನು ಯೋಚಿಸಿದ. ಕೊಂಡ ಸರಕಿನಲ್ಲಿ ಐಬು ಇದ್ದರೆ ವ್ಯಾಪಾರಿ ಅಳುತ್ತ ಕೂರುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತಾನೆ. ವಲ್ಲಿಯನ್ನು ಕೈಗೆ ಸುತ್ತಿಕೊಂಡ. ಬೆರಳಿಗೆ ಸುತ್ತಿದ ದಾರ ಕಾಣದ ಹಾಗೆ ಮುಚ್ಚಿಕೊಂಡ; ಉಳಿದ ದಾರ ಸಡಿಲಾಗಿ ಹಿಂದೆ ಕಣಿವೆಯ ನೆಲದಲ್ಲಿ ಬಿದ್ದಿತ್ತು.

ಧೂಮಕೇಶ ಬಾಗಿಲಲ್ಲಿ ನಿಂತಿದ್ದವನು ಹುಬ್ಬು ಗಂಟಿಕ್ಕಿದ. “ಎತ್ತಿನ ದಲ್ಲಾಳಿ? ನಾನು ಕರೆದದ್ದು ಜಾಲವ್ವನನ್ನು. ನೀನು ಯಾಕೆ ಬಂದೆ?”

“ಕಣಿವೆಯಲ್ಲಿದ್ದ ಸರಕನ್ನೆಲ್ಲ ಸಗಟಾಗಿ ಕೊಂಡೆ ಸ್ವಾಮಿ. ಈಗ ಮಾರೋಕೆ ಬಂದಿದ್ದೀನಿ.”

“ನನ್ನ ಸರಕನ್ನು ನನಗೇ ಮಾರ್ತೀಯಾ? ಬಾಯಿ ಮುಚ್ಚು!”

ಕೆಂಚೀರನ ಬಾಯಿ ಪಟ್ಟನೆ ಮುಚ್ಚಿತು.

“ಕೂತ್ಕೋ!”

ಕೂತ.

“ಏಳು!”

ಎದ್ದ. ಧೂಮಕೇಶನಿಗೆ ಗಲಿಬಿಲಿಯಾಯಿತು. ಇಷ್ಟು ವಿನಯದ ದಲ್ಲಾಳಿಯನ್ನು ಅವನು ಕಂಡೇ ಇರಲಿಲ್ಲ. ಜೇಡವೂ ಸರಕಿನಲ್ಲಿ ಸೇರಿ ಮಾರಾಟವಾಗಿ ಹೋಗಿದ್ದರೆ ತಾಯತದ ಅಂಗಡಿಯ ಗತಿ? ತಿರುಗಿ ಕೊಳ್ಳಲೇಬೇಕು. ಅಗ್ಗಕ್ಕೆ ಸಿಕ್ಕರೆ ಒಳ್ಳೆಯದು. ಈ ಪೆದ್ದನಿಂದ ಅಗ್ಗಕ್ಕೇ ಸಿಗುತ್ತದೆ.

ಕೆಂಚೀರ ವಲ್ಲಿ ಸುತ್ತಿದ ಕೈ ಮುಂದೆ ಚಾಚಿದ.

“ಆ ವಲ್ಲಿ ತೆ…” ಎಂದ ಧೂಮಕೇಶ, ಅಲ್ಲಿಗೇ ನುಂಗಿಕೊಂಡ. ಪೂರ್ತಿ ಅಂದಿದ್ದರೆ ಕೆಂಚೀರ ವಲ್ಲಿ ತೆಗೆಯಲೇಬೇಕಿತ್ತು. ಆದರೆ ವಲ್ಲಿ ತೆಗೆಸಿ ಬೆಲೆ ಕಟ್ಟುವವನನ್ನು ಕಂಡರೆ ಸಂತೆಯಲ್ಲಿ ಎಳೆ ಹುಡುಗರೂ ನಗುತ್ತಾರೆ. ಮಾಂತ್ರಿಕನಿಗೆ ಪ್ರಾಣ ಹೋದರೂ ಜಂಬ ಹೋಗದು. ವಲ್ಲಿಯೊಳಗೆ ಕೈ ತೂರಿಸಿ ಒಂದು ಬೆರಳು ಹಿಡಿದ. ಒಂದು ಎತ್ತು.

ಕೆಂಚೀರ ಕೈ ಕೊಡವಿದ. ಕೂಡಲೇ ಒಪ್ಪಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಎರಡು ಬೆರಳು. ಕೆಂಚೀರ ತಲೆಯಾಡಿಸಿ ಹಿಂದಕ್ಕೆ ಎರಡು ಹೆಜ್ಜೆ ಹಾಕಿದ.

“ನಿಲ್ಲು, ನಿಲ್ಲು!” ಅಂದ ಧೂಮಕೇಶ. ಕೆಂಚೀರ ಕಂಬದಂತೆ ನಿಂತ. ಮೂರು ಬೆರಳು. ಕೆಂಚೀರ ಅವನ ಅಂಗೈಯನ್ನು ಪೂರ್ತಿ ಒತ್ತಿ ಮುಚ್ಚಿದ. ಎಲ್ಲ ನಿನ್ನದು.

ವ್ಯಾಪಾರ ಮುಗಿಯಿತು. ದಾರ ಕೆಂಚೀರನ ಬೆರಳಿನಿಂದ ಜಾರಿ ಧೂಮಕೇಶನ ಬೆರಳಿಗೆ ಸುತ್ತಿಕೊಂಡಿತು. ಒಂದು ತುದಿ ಮಣಿಕಟ್ಟಿನಲ್ಲಿ, ಇನ್ನೊಂದು ತುದಿ ಬೆರಳಿನಲ್ಲಿ. ಅಪ್ಪಣೆ ಕೊಡುವವನೂ ಅವನೇ, ನಡೆಸುವವನೂ ಅವನೇ.

“ಏನೋ ಇದು? ಮೋಸ! ಹಿಡಿ ಇವನನ್ನು!” ಎಂದು ಕೂಗಿದ. ಅವನ ಕೈಗಳೇ ಹೋಗಿ ಕೆಂಚೀರನನ್ನು ತಬ್ಬಿ ಹಿಡಿದವು.

ಕೆಂಚೀರನ ಬಾಯಿ ಬಿಚ್ಚಿತ್ತು. “ಸ್ವಾಮಿ, ಉಸಿರು ಕಟ್ತಿದೆ. ಬಿಡು ಅಂದುಬಿಡಿ.”

“ಬಿಡು!” ಕೈಗಳು ಬಿಟ್ಟವು. “ಎಲಾ ಇವನ! ನನ್ನ ಕೈ ಯಾಕೆ… ನೀನು ಏನು ಮಾಡಿದೆಯೋ? ತೊಲಗು! ಈ ಕಣಿವೆ ದಾಟಿ, ಈ ರಾಜ್ಯ ದಾಟಿ, ಕಡಲಿನ ಆಚೆಗೆ ತೊಲಗು! ಓಡು!”

ಕೆಂಚೀರ ನಿಂತಲ್ಲೇ ನಿಂತಿದ್ದ. ಧೂಮಕೇಶನ ಕಾಲುಗಳು ಮೆಟ್ಟಿಲಿಳಿದವು, ಬಾಗಿಲು ದಾಟಿದವು, ಕಣಿವೆಗೆ ಬಿದ್ದು ಓಡತೊಡಗಿದವು. “ಅಯ್ಯೋ, ನಾನಲ್ಲ, ಅವನು! ಅವನು!” ಎಂದು ಕೂಗುತ್ತ ಓಡಿದ. ಪುರೋಹಿತರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ‘ನಿಲ್ಲು’ ಅನ್ನಬೇಕೆಂದು ಅವನಿಗೆ ಹೊಳೆಯುವ ಹೊತ್ತಿಗೆ ಕಡಲಿಗೆ ಇಳಿದಾಗಿತ್ತು, ಬಾಯಿ ತುಂಬ ನೀರು. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ಬುರುಜಿನ ಹಿಂದೆ ಕೊಟ್ಟಿಗೆಯಿತ್ತು. ಜನ ತಂತಮ್ಮ ಎತ್ತುಗಳನ್ನು ಗುರುತು ಹಿಡಿದು ಬಿಚ್ಚಿಕೊಂಡರು. ಕೆಂಚೀರನೂ ಒಪ್ಪಿದ ಬೆಲೆಗೆ ಸರಿಯಾಗಿ ಮೂರೇ ಎತ್ತು ಬಿಚ್ಚಿದ. ಮೂರೂ ಅವನವೇ.

ಮಹಾರಾಜರು ಕರೆಸಿ ಕೇಳಿದರು. “ಜೇಡವನ್ನು ಸೋಲಿಸಿದ್ದು ಹೇಗಪ್ಪಾ?”

“ಸೋಲಿಸಲಿಲ್ಲ ಮಹಾಪ್ರಭು. ಕೊಂಡೆ.”

“ಮಾಂತ್ರಿಕನನ್ನು?”

“ಅವನಿಗೆ ಮಾರಿದೆ.”

ಮಹಾರಾಜರಿಗೆ ಒಂದೂ ಅರ್ಥವಾಗಲಿಲ್ಲ. ಶಾಲು ಹೊದಿಸಿ ಕಳಿಸಿದರು.

ಜಾಲವ್ವ ಕಣಿವೆ ಬಿಟ್ಟು ಹೋಗಲಿಲ್ಲ. ಆದರೆ ಅಲ್ಲಿಂದಾಚೆಗೆ ಯಾರನ್ನೂ ಹಿಡಿಯಲಿಲ್ಲ. ದುಂಡವ್ವ ಅವಳ ಜೊತೆ ವಲ್ಲಿಯ ಕೆಳಗೆ ಕೂತು ಒಂದು ಇಡೀ ಹಗಲು ಮಾತಾಡಿದಳು. ಮರುದಿನದಿಂದ ಜಾಲವ್ವ ಹೇರು ಕಟ್ಟುವ ಹಗ್ಗ ಹೊಸೆಯತೊಡಗಿದಳು. ಅಂಥ ಹಗ್ಗ ಯಾವ ಸೀಮೆಯಲ್ಲೂ ಇರಲಿಲ್ಲ. ಏನು ಬೆಲೆಗೆ ಒಪ್ಪಂದವಾಯಿತು ಎಂದು ಕೆಂಚೀರ ಕೇಳಿದ. ದುಂಡವ್ವ ಹೇಳಲಿಲ್ಲ.

ಆ ಹಗ್ಗ ಬಿಗಿದುಕೊಂಡು ಉಪ್ಪಿನ ಹೇರುಗಳು ಕಣಿವೆ ದಾಟಿ ಬಂದವು. ಕುಂಭಾವತಿಯ ಮನೆಮನೆಯಲ್ಲೂ ಅವತ್ತು ಸಾರಿಗೆ ರುಚಿ ಬಂತು. ಉಂಡವರು ಸುಖವಾಗಿದ್ದರು, ಬಡಿಸಿದವರೂ ಸುಖವಾಗಿದ್ದರು.