ಎಲ್ಲಾ ತಗೀರಿ, ಒಂದೂ ಬಿಡಬ್ಯಾಡ್ರಿ

"ನಮ್ಮವ್ವ ಎಲ್ಲಿ?"

ಪೂನಮ್ ಕೇಳಿದ ದನಿಗೆ, ಜಮಖಂಡಿಯ ಆ ಪುಟ್ಟ ಅಂಗಡಿಯ ಗೋಡೆಗೆ ನೇತುಹಾಕಿದ್ದ ಹಳೇ ಕ್ಯಾಮೆರಾಗಳೆಲ್ಲ ಒಮ್ಮೆಲೇ ಕಣ್ಣು ಮುಚ್ಚಿಕೊಂಡಂತಾಯಿತು!

ಕ್ಯಾಮೆರಾ ರಿಪೇರಿ ಮಾಡುವ ಮಾಳಿಂಗರಾಯ ಮಾತ್ರ ಇನ್ನೂ ನಗುತ್ತಿದ್ದ. ಪಾಪ, ಅವನಿಗೆ ಗೊತ್ತಿರಲಿಲ್ಲ.

"ಅವ್ವಾರೂ ಜೋಡಿ ಬಂದಿದ್ರೇನ್ರಿ? ಹೊರಗ ನಿಂತಿರಬೇಕು ನೋಡ್ರಿ…"

ಅವಳು ಕೈಯಲ್ಲಿದ್ದ ಬೆಳ್ಳಿ ಬಣ್ಣದ ಕ್ಯಾಮೆರಾವನ್ನು ಅವನ ಮುಖದ ಮುಂದೆ ಹಿಡಿದಳು. ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಎರಡೇ ಎರಡು ಪದ: ನೋ ಇಮೇಜ್.

"ಇದರಾಗ ಇದ್ಳು ನಮ್ಮವ್ವ. ಇದರಾಗ ಮಾತ್ರ ಇದ್ಳು. ಸತ್ತು ಹೋಗ್ಯಾಳ್ರೀ ಆಕಿ…!"

ಮಾಳಿಂಗರಾಯನ ನಗು ಅಲ್ಲೇ ನಿಂತಿತು.

"ನೀವ… ನೀವ ಫೋನಿನ್ಯಾಗ ಅಂದ್ರೆಲ್ಲರೀ? ಫೋಟೋ ತಗೀಲೇನು ಅಂತ ಕೇಳಿದೆ. ಎಲ್ಲಾ ತಗೀರಿ, ಒಂದೂ ಬಿಡಬ್ಯಾಡ್ರಿ ಅಂದ್ರಿ…"

"ಪ್ರಿಂಟ್ ತಗದು ಕೊಡ್ತೀರಿ ಅಂತ ತಿಳದೆ! ತಗದು ಒಗೀರಿ ಅಂದೆನೇನು?"



ನೋಡಿ, ನಮ್ಮ ಭಾಷೆಯ ಕಿತಾಪತಿ! ಬಾಗಿಲು ತೆಗೆದರೆ ಮನೆ ಕಾಣುತ್ತದೆ, ಫೋಟೋ ತೆಗೆದರೆ ಮುಖ ಉಳಿಯುತ್ತದೆ. ಅದೇ ಫೋಟೋವನ್ನು ಇನ್ನೊಂದು ಸಲ ತೆಗೆದರೆ ಮುಖವೂ ಇಲ್ಲ, ಫೋಟೋವೂ ಇಲ್ಲ. ಬನಹಟ್ಟಿಯ ಮಗ್ಗಗಳ ಸಪ್ಪಳದ ನಡುವೆ ನಿಂತು ಪೂನಮ್ ಹೇಳಿದ್ದ ಒಂದು 'ತಗೀರಿ', ಜಮಖಂಡಿ ಮುಟ್ಟುವಷ್ಟರಲ್ಲಿ ಅರ್ಥ ಬದಲಿಸಿತ್ತು.

ಅವಳು ಇವತ್ತು ಎಷ್ಟು ಆಸೆಯಿಂದ ಬಂದಿದ್ದಳು! ನೀಲಿ ಚೂಡಿದಾರ್ ಇಸ್ತ್ರಿ ಮಾಡಿ, ಮಲ್ಲಿಗೆ ಮುಡಿದು… ಕ್ಯಾಮೆರಾ ರಿಪೇರಿಗೆ ಯಾರಾದರೂ ಮಲ್ಲಿಗೆ ಮುಡಿದು ಬರುತ್ತಾರೆಯೇ?

ಮೊದಲ ಸಲ ಬಂದಾಗಲೇ ಇವನು ಅವಳನ್ನು ನಗಿಸಿಬಿಟ್ಟಿದ್ದ. ಅವ್ವ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಇವನೋ, ಬಸ್ ಕಂಡಕ್ಟರನಿಂದ ಹಿಡಿದು ಮದುವೆ ಮನೆಯ ಬೀಗರವರೆಗೆ ಎಲ್ಲರ ದನಿಯನ್ನೂ ಗಂಟಲಲ್ಲಿ ಇಟ್ಟುಕೊಂಡವನು. ಮುಧೋಳದ ಕಾಲೇಜು ಹುಡುಗಿಯರು ಬಾಡಿಗೆಗೆ ಹಳೇ ಡಿಜಿಟಲ್ ಕ್ಯಾಮೆರಾ ಒಯ್ಯಲು ಬಂದರೆ, ಅವರು ಹೋದ ಮೇಲೆ ಮೂಗಿನಿಂದ ರಾಗ ತೆಗೆಯುತ್ತಿದ್ದ: "ಅಣ್ಣಾ… ಹಳೇದ ಬೇಕು, ಆದ್ರ ಹೊಸಾದ ಕಾಣಬೇಕು, ಆದ್ರ ಹಳೇದರಂಗ ಬರಬೇಕು!"

"ಮೊಬೈಲ್ ಇರೂವಾಗ ಇದ್ಯಾಕ್ರಿ ಎಲ್ಲಾರಿಗೂ?" ಎಂದು ಅವಳು ಕೇಳಿದ್ದಳು.

"ಮೊಬೈಲ್ ಅಂದ್ರ ಹೊಸಾ ಬೀಗರಿದ್ದಂಗ್ರಿ. ಮಾರಿ ಮುಂದ ಎಲ್ಲಾ ಛಲೋ ಛಲೋ ಅಂತೈತಿ. ಇದು ಹಡದವ್ವ ಇದ್ದಂಗ. ಕಣ್ಣ ಕೆಂಪಗಾಗಿದ್ರ ಕೆಂಪ ತೋರಸತೈತಿ, ಬೆವರಿದ್ರ ಬೆವರ ತೋರಸತೈತಿ. ಖರೆ ಹೇಳೂದು ಒಂದ ಇದಕ್ಕ ಗೊತ್ತು."

ಅವ್ವನೂ ಹೀಗೇ ಅನ್ನುತ್ತಿದ್ದಳು!

ಅವಳ ಅವ್ವ ಪದ್ಮವ್ವನ ಗದ್ದದ ಮೇಲೆ ಹಚ್ಚೆಯ ಚುಕ್ಕಿಗಳಿದ್ದವು. ಮೊಬೈಲಿನಲ್ಲಿ ಫೋಟೋ ಹೊಡೆದರೆ ಮುಖ ಹಾಲಿನಂತೆ ಬೆಳ್ಳಗಾಗಿ, ಚುಕ್ಕಿಗಳು ಮಾಯ! ಪದ್ಮವ್ವನಿಗೆ ಹಚ್ಚೆ ಎಂದರೆ ಕಲೆ. ಮೊಬೈಲಿಗೂ ಅದು ಕಲೆಯೇ, ಆದರೆ ಒರೆಸಿ ಹಾಕುವ ಕಲೆ! "ಇಕಿ ಯಾರ ಬೇ? ನಾ ಅಲ್ಲ" ಎಂದು ಫೋನು ತಳ್ಳಿ, ಮಗಳ ಹಳೇ ಕ್ಯಾಮೆರಾದ ಮುಂದೆ ಮಾತ್ರ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು.

ಆ ಅವ್ವನೇ ಈಗ ಇಲ್ಲ.

"ಕುಂದರ್ರಿ… ಕಂಪ್ಯೂಟರಿಗೆ ಹಚ್ಚತೇನಿ. ಅಳಸಿದ್ದು ಒಮ್ಮೊಮ್ಮೆ ತಿರುಗಿ ಬರತೈತಿ," ಎಂದ ಮಾಳಿಂಗರಾಯ.

ಬಂದವು. ಒಂದೊಂದಾಗಿ ಬಂದವು… ಅರ್ಧರ್ಧ! ಒಂದರಲ್ಲಿ ಬರೀ ತೋರಣ, ಕೆಳಗೆ ಬೂದು ಪಟ್ಟಿ. ಇನ್ನೊಂದರಲ್ಲಿ ಹಸಿರು ಬಳೆ ತೊಟ್ಟ ಕೈ, ಅದರ ಮೇಲೆ ಏನೂ ಇಲ್ಲ. ಅವ್ವನ ಮುಖ ಒಂದರಲ್ಲೂ ಇಲ್ಲ.

ಆಮೇಲೆ ನೀರು! ಪರದೆಯ ತುಂಬ ನೀರೇ ನೀರು.

"ಇದೇನು?"

ಅವನು ತಲೆ ತಗ್ಗಿಸಿದ. "ರಿಪೇರಿ ಆದಮ್ಯಾಲ ಟೆಸ್ಟ್ ಮಾಡಾಕ ಕಾರ್ಡಿನ್ಯಾಗ ಜಾಗಾ ಇರಲಿಲ್ಲ, ಅದಕ ನಿಮ್ಮನ್ನ ಕೇಳಿ ಅಳಸಿದೆ. ಆಮ್ಯಾಲ ಚಿಕ್ಕಪಡಸಲಗಿ ಬ್ಯಾರೇಜಿಗೆ ಒಯ್ದಿದ್ದೆ. ಕೃಷ್ಣಾ ನದಿ ವಿಡಿಯೋ ಮಾಡಿ ಅದನ್ನೂ ಅಳಸಿದೆ. ಮನ್ಯಾಗ ನಿಮ್ಮ ಕಡೆ ಕಾಪಿ ಇರ್ತಾವ ಅಂತ ತಿಳದೆ, ಪೂನಮ್… ಆ ನೀರು ಹಳೇ ಫೋಟೋದ ಜಾಗಾದಾಗ ಕುಂತೈತಿ."

ಪೂನಮ್ ಎದ್ದು ನಿಂತಳು. ಅಳಲಿಲ್ಲ. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ದನಿ.

"ನಮ್ಮವ್ವಗ ಎಳ್ಳನೀರ ಬಿಟ್ಟಿ ನೀನು. ಇನ್ನ ನನಗ ಮಾರಿ ತೋರಸಬ್ಯಾಡ."

*

ಅಂದು ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿ ಅವ್ವನನ್ನು ಕರೆದಳು. ಮೂಗು ಬಂತು, ಮೂಗುಬೊಟ್ಟು ಬಂತು. ಗದ್ದ…

ಅಯ್ಯೋ! ಚುಕ್ಕಿ ಎಷ್ಟಿದ್ದವು?

"ಯಪ್ಪಾ, ಅವ್ವನ ಗದ್ದದ ಮ್ಯಾಲ ಚುಕ್ಕಿ ಎಷ್ಟ ಇದ್ವು?"

ಮಗ್ಗದ ಮುಂದೆ ಕುಳಿತಿದ್ದ ಭೀಮಶಿ ನೂಲು ಹಿಡಿದೇ ಯೋಚಿಸಿದ. "ಎರಡ ಇದ್ದಂಗಿದ್ವು… ಅಲ್ಲೇನು?" ಎಂದವನು, ಮಗಳ ಮುಖ ನೋಡಿ ಹೆದರಿದ. ಇಷ್ಟು ವರ್ಷ ಜೊತೆಗೆ ಬಾಳಿದವನಿಗೇ ಗೊತ್ತಿಲ್ಲ! ಪಕ್ಕದ ಮನೆಯ ಅತ್ತೆಯನ್ನು ಕೇಳಿದರೆ, "ಒಂದ ಬೇ, ನಡುವ" ಎಂದಳು.

ಮೊಬೈಲಿನಲ್ಲಿದ್ದ ಅವ್ವನನ್ನು ತೆರೆದಳು. ಹಾಲಿನ ಬಣ್ಣದ ಹೆಂಗಸೊಬ್ಬಳು ನಕ್ಕಳು. ಗದ್ದ ನುಣ್ಣಗಿತ್ತು.

ಅವ್ವ ಎರಡನೇ ಸಲ ಸಾಯುತ್ತಿದ್ದಳು. ಈ ಸಲ ಮಗಳ ತಲೆಯೊಳಗೆ. ಪೂನಮ್ ದಿಂಬು ಕಚ್ಚಿ ಅತ್ತಳು.

ಆ ಫೋಟೋಗಳನ್ನು ಕೊನೆಗೆ ನೋಡಿದವನು ಒಬ್ಬನೇ. ಅಳಿಸುವ ಮೊದಲು ಒಂದೊಂದನ್ನೂ ದಾಟಿಸಿದ ಬೆರಳು ಅವನದು. ಮುಖ ತೋರಿಸಬೇಡ ಎಂದು ತಾನೇ ಹೇಳಿ ಬಂದವಳು, ನಾಲ್ಕಾರು ದಿನ ತಡೆದು ಕಡೆಗೆ ತಾನೇ ಜಮಖಂಡಿ ಬಸ್ಸು ಹತ್ತಿದಳು.

ಅಂಗಡಿಗೆ ಬೀಗ!

ಎದುರಿನ ಚಹಾದಂಗಡಿಯ ಕಾಮಣ್ಣ ಕೈ ಒರೆಸಿಕೊಳ್ಳುತ್ತ ಬಂದ. "ಮಾಳೂ ಏನ್ರಿ? ಅಂವ ಅಂಗಡಿ ಮುಚ್ಚಿ ಊರೂರು ತಿರಗಾಕತ್ತಾನ್ರಿ. ಚಿಮ್ಮಡಕ್ಕ ಹೋಗಿದ್ದ. ಮನಿ ಮನಿ ಹೊಕ್ಕು ಹೆಣ್ಣಿನ ಫೋಟೋ ನೋಡಾಕತ್ತಾನಂತ!"

"ಹೆಣ್ಣಿನ… ಫೋಟೋ?"

"ಹೂಂ. ಇವತ್ತ ರನ್ನ ಬೆಳಗಲಿ, ಭಾಗವ್ವನ ಮನಿ. ಈ ಸಲ ಪಕ್ಕಾ ಸಿಗತಾಳ ಅಂದು ಹೋಗ್ಯಾನ. ವಯಸ್ಸಿಗೆ ಬಂದಾವ, ಇನ್ನೇನ ಮಾಡ್ಯಾನು?"

'ನನ್ನ ಅವ್ವನನ್ನು ಅಳಿಸಿ, ತಾನು ಹೆಣ್ಣು ನೋಡಲು ಹೊರಟನೇ? ಅಷ್ಟು ಬೇಗ…? ನೋಡಲಿ ಬಿಡು! ನನಗೇನು?'

ನನಗೇನು ಎಂದವಳ ಕಣ್ಣು ಯಾಕೆ ತುಂಬಬೇಕು? ಬೆಳಗಲಿಯ ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಯಾಕೆ ಕೇಳಬೇಕು?

ಮಹಾಲಿಂಗಪುರದಲ್ಲಿ ಇಳಿದು ಟಂಟಂ ಆಟೋ ಹತ್ತಿದಳು. ಕಬ್ಬಿನ ಗಾಡಿಗಳ ಹಿಂದೆ ಟಂಟಂ ತೆವಳಿತು. 'ಚುಕ್ಕಿ ಎಷ್ಟೆಂದು ಕೇಳಿ ತಿರುಗಿ ಬರುತ್ತೇನೆ, ಅಷ್ಟೇ' ಎಂದುಕೊಂಡಳು. ದಾರಿಯುದ್ದಕ್ಕೂ ಅಷ್ಟೇ, ಅಷ್ಟೇ ಎಂದು ಅವಳ ಎದೆ ಬಡಿಯುತ್ತಿತ್ತು.

ಭಾಗವ್ವನ ಪಡಸಾಲೆಯಲ್ಲಿ ಮಾಳಿಂಗರಾಯ ಚಾಪೆಯ ಮೇಲೆ ಕುಳಿತಿದ್ದ. ಮುಂದೆ ಅವಲಕ್ಕಿಯ ತಾಟು, ಚಹಾದ ಕಪ್ಪು… ಹೆಣ್ಣು ನೋಡುವ ಶಾಸ್ತ್ರದಲ್ಲಿ ಒಂದೂ ಕಡಿಮೆ ಇರಲಿಲ್ಲ!

"ಸಿಕ್ಕಳೇನಪಾ ಹೆಣ್ಣು?" ಬಾಗಿಲಲ್ಲೇ ಸಿಡಿದಳು ಪೂನಮ್.

ಅವನು ತಲೆ ಎತ್ತಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವಳನ್ನು ಕಂಡು ಮುಖ ಮುಚ್ಚಿಕೊಳ್ಳಲು ಹೋಗಿ, ಆಗದೆ, ಮಗುವಿನಂತೆ ಹೇಳಿದ:

"ಸಿಕ್ಕಳು, ಪೂನಮ್."

ಅವನ ಮಡಿಲಲ್ಲಿ ಧೂಳು ಹಿಡಿದ ಇನ್ನೊಂದು ಹಳೇ ಕ್ಯಾಮೆರಾ ಇತ್ತು. ಭಾಗವ್ವನ ಮಗನದು, ವರ್ಷಗಟ್ಟಲೆ ಟ್ರಂಕಿನೊಳಗೆ ಮಲಗಿತ್ತು. ತಾನು ತಂದ ಬ್ಯಾಟರಿ ಹಾಕಿ ಅದನ್ನು ಎಬ್ಬಿಸಿದ್ದ. ಬೆಳಗುತ್ತಿದ್ದ ಪರದೆಯಲ್ಲಿ ಯಾರದೋ ಮದುವೆ. ಮದುಮಗಳ ಹಿಂದೆ, ಮೂಲೆಯಲ್ಲಿ, ಹೆಂಗಸರ ಗುಂಪು. ಅದರ ನಡುವೆ…

"ಅವ್ವಾ…!"

"ನಿಮ್ಮ ಫೋಟೋದಾಗ ಆಕಿ ಎಲ್ಲಾ ಕಡೆ ಬಾಯಿ ತಗದ ನಿಂತಿದ್ಳು. ಆಕಳಸಾಕತ್ತಾಳ ಅಂತ ತಿಳದಿದ್ದೆ. ನೀ ಹೋದಮ್ಯಾಲ ಹೊಳೀತು, ಆಕಿ ಹಾಡಾಕತ್ತಾಳ. ಬನಹಟ್ಟಿ ಬಾಜೂಕ ಕೇಳಿದೆ. ಸೋಬಾನದ ಪದ್ಮವ್ವ ಅಂದ್ರ ಸುತ್ತೂ ಊರಿಗೆ ಗೊತ್ತು. ಹಾಡಾಕ ಹೋದಾಕಿ ಮಂದಿ ಫೋಟೋದಾಗೂ ಬಂದಿರಬೇಕಲ್ಲ? ಸ್ಟುಡಿಯೋದವ್ರ ಆಲ್ಬಮ್‌ನಾಗ ಮೂಲ್ಯಾಗಿನವ್ರನ್ನ ಕತ್ತರಸಿರ್ತಾರ. ಮನಿ ಕ್ಯಾಮೆರಾ ಯಾರನ್ನೂ ಕತ್ತರಸೂದಿಲ್ಲ. ಅದಕ ಕಂಡ ಕಂಡವ್ರ ಟ್ರಂಕ್ ತಗಸಾಕತ್ತೇನಿ…"

ಅವನು ಗುಂಡಿ ಒತ್ತಿದ. ಅವ್ವನ ಮುಖ ಹತ್ತಿರ ಬಂತು. ಫ್ಲ್ಯಾಶಿಗೆ ಕಣ್ಣು ಕೆಂಪಗೆ, ಹಣೆಯ ಮೇಲೆ ಬೆವರು, ಬಾಯಲ್ಲಿ ಅರ್ಧಕ್ಕೆ ನಿಂತ ಪದ. ಗದ್ದದ ಮೇಲೆ ಮೂರು ಚುಕ್ಕಿ. ನಡುವಿನದು ಮಾಸಿತ್ತು.

ಮೂರು! ಅಪ್ಪ 'ಎರಡ' ಅಂದದ್ದೂ ಸುಳ್ಳಲ್ಲ, ಕಣ್ಣಿಗೆ ಎದ್ದು ಕಾಣುವುದು ಎರಡೇ!

ಪೂನಮ್ ಪರದೆಯನ್ನು ಕೆನ್ನೆಗೆ ಒತ್ತಿಕೊಂಡು ಗೋಳೋ ಎಂದು ಅತ್ತಳು. ಭಾಗವ್ವ ಕಣ್ಣೊರೆಸಿಕೊಳ್ಳುತ್ತ ಗದರಿದಳು, "ಯಪ್ಪಾ, ಹೆಣ್ಣ ನೋಡಾಕ ಬಂದಾನಂತ ನಾ ಅವಲಕ್ಕಿ ಹಚ್ಚಿ ಕೊಟ್ಟೇನಲ್ಲೋ! ನನಗ ಮಗಳ ಇಲ್ಲ ಅಂತೂ ಹೇಳಲಿಲ್ಲ, ಹಸದಿದ್ದಿ ಅಂತ ಸುಮ್ಮನಾದೆ!"

ಅಳುವಿನ ನಡುವೆಯೇ ಪೂನಮ್‌ಗೆ ನಗು ಬಂತು. ತಾನು ನಂಬಿದ್ದೂ ಅದನ್ನೇ ಅಲ್ಲವೇ!

"ತಪ್ಪ ನಂದೂ ಐತಿ. ಹಂಗ ಅನ್ನಬಾರದಿತ್ತು ನಿನಗ…"

"ಅನ್ನು. ಎಲ್ಲಾರ ದನೀಲೆ ಮಾತಾಡತೇನಿ, ಪೂನಮ್. ಈ ಮಾತ ನನ್ನ ದನೀಲೆ ಹೇಳತೇನಿ… ನೀ ಮಾರಿ ತೋರಸಬ್ಯಾಡ ಅಂದಮ್ಯಾಲ ನಾ ಕನ್ನಡಿ ಸಹಿತ ನೋಡಿಲ್ಲ. ನೀ ಬೇಕು ನನಗ."

ಅವಳು ಅವನ ತಾಟಿನಿಂದ ಒಂದು ಹಿಡಿ ಅವಲಕ್ಕಿ ತೆಗೆದುಕೊಂಡು ತಿಂದಳು. ಅಷ್ಟು ಸಾಕಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮೆಲ್ಲಗೆ ಹೇಳಿದ, "ಇನ್ನೂ ಭಾಳ ಮನಿ ಉಳದಾವ. ಬೀಳಗಿ ಕಡೆನೂ ಹಾಡಾಕ ಹೋಗಿದ್ಳಂತ ನಿಮ್ಮವ್ವ. ಒಬ್ಬಾವ ಹೋದ್ರ ಹೆಣ್ಣ ನೋಡಾಕ ಬಂದಾನಂತಾರ. ಜೋಡಿ ಬರ್ತಿ?"

"ಜೋಡಿ ಹೋದ್ರ ಏನಂತಾರ?"

"ಲಗ್ನದ ಕಾರ್ಡ್ ಕೊಡಾಕ ಬಂದಾರ ಅಂತಾರ."

ಪೂನಮ್ ಕ್ಯಾಮೆರಾದಿಂದ ಕಣ್ಣೆತ್ತದೆ ಅಂದಳು, "ಅನ್ನಲಿ."