ಒಂಬತ್ತು ದಿನದ ದೂರು

"ಆ ಮನೆ ಫೋನ್ ವೈರಿಗೆ ಮಾತ್ರ ಹಲ್ಲು ತಾಗಿಸ್ಬೇಡ ಕಣೋ. ಮಗಳು ಸತ್ತ ಮೇಲೆ ಆ ಅಮ್ಮ ಅದಕ್ಕೆ ಏನೋ ಮಾಟ ಮಾಡಿಸಿಟ್ಟಿದಾಳಂತೆ."

ಹಿರಿಯ ಲೈನ್‌ಮನ್ ದನಿ ತಗ್ಗಿಸಿ ಹೇಳಿದಾಗ ಹೊಸಬ ಕಿಸಕ್ಕನೆ ನಕ್ಕ. "ಮಾಟಕ್ಕೂ ಕನೆಕ್ಷನ್ ಬೇಕಾ ಅಣ್ಣಾ?"

ನಗು ಬಾಯಲ್ಲಿತ್ತೇ ಹೊರತು ಹೊಟ್ಟೆಯೊಳಗಿರಲಿಲ್ಲ. ಫೋನ್ ಸತ್ತಿದೆ ಎಂಬ ಆ ಮನೆಯ ದೂರು ಒಂಬತ್ತು ದಿನ ಇವನ ಕೈಗೇ ಬಂದಿತ್ತು. ಒಂದು ದಿನವೂ ಆ ಕಡೆ ತಲೆಹಾಕದೆ, ಕುಳಿತಲ್ಲೇ 'ಮನೆಗೆ ಬೀಗ' ಎಂದು ಬರೆದು ಸಹಿ ಹಾಕಿ ಕೈತೊಳೆದುಕೊಂಡಿದ್ದ ಮೈಗಳ್ಳ. ಹತ್ತನೆಯ ದಿನ ಹುಡುಗಿಗೆ ಉಬ್ಬಸ ಏರಿತು. ಡಾಕ್ಟರನ್ನು ಕರೆಯಲು ಫೋನಿರಲಿಲ್ಲ. ಈಗ ಅದೇ ರಿಪೇರಿಗೆ ಆಫೀಸಿನವರು ಅವನನ್ನೇ ಕಳಿಸಿದ್ದರು. ಬರೆದವನು ತಾನೆಂದು ತಾಯಿಗೆ ತಿಳಿಯದಿದ್ದರೆ ಸಾಕಪ್ಪಾ ಎಂದುಕೊಳ್ಳುತ್ತಲೇ ಅವನು ಆ ಮನೆಗೆ ಹೋದ.

ಹೊರಗಿನ ಡಬ್ಬಿಗೆ ಟೆಸ್ಟ್ ಫೋನ್ ಸಿಕ್ಕಿಸಿದ. ಡಯಲ್ ಟೋನ್ ಚೆನ್ನಾಗಿತ್ತು. ಅಂದರೆ ಕೆಟ್ಟಿರುವುದು ಮನೆಯೊಳಗಿನ ವೈರು.

"ಬಾಪ್ಪಾ," ಎಂದು ತಾಯಿ ಬಾಗಿಲು ತೆರೆದಳು.

ನಡುಹಗಲಲ್ಲೂ ಪರದೆ ಎಳೆದ ಕೋಣೆ ಗವ್ವೆನ್ನುತ್ತಿತ್ತು. ಕಮಟು ಎಣ್ಣೆಯ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ನಾತ. ಗೋಡೆಗುಂಟ ತಡಕುತ್ತ ಹೋದರೆ ಖಾಲಿ ಮಂಚದ ಹಿಂದೆ ವೈರಿನ ಗಂಟು ಸಿಕ್ಕಿತು. ಸುತ್ತ ಕಪ್ಪಗೆ ಏನೋ ಬಿಗಿದಿತ್ತು. ಹಳೆಯ ಟೇಪಿರಬೇಕು. ಚೀಲದಲ್ಲಿ ಕತ್ತರಿಯಿದ್ದರೂ ಈ ಕಸುಬಿನವರಿಗೆ ಕೈಗಿಂತ ಮೊದಲು ಹಲ್ಲು ಓಡುತ್ತದೆ. ಕಚ್ಚಿ ಎಳೆದ.

ಟೇಪಲ್ಲ. ಕೂದಲು.

ನಾಲಿಗೆಗೆ ಸುತ್ತಿತು. ಗಂಟಲಿಗಿಳಿಯಿತು. ಉಗಿದ. ಬರಲಿಲ್ಲ. ಬೆರಳು ತೂರಿಸಿದ. ಎಳೆದಷ್ಟೂ ಒಳಗೇ ಜಾರಿತು. ಎದೆಯಲ್ಲಿ ಸುಂಯ್‌ಗುಡುವ ಸದ್ದು. ಟೆಸ್ಟ್ ಫೋನನ್ನು ಹೊರಗಿನಿಂದ ಬರುವ ವೈರಿಗೆ ಸಿಕ್ಕಿಸಿ ಆಫೀಸಿನ ನಂಬರ್ ಒತ್ತಿದ.

"ಹಲೋ, ಯಾರು?" ಹಿರಿಯ ಲೈನ್‌ಮನ್ ದನಿ.

ಬಾಯ್ತೆರೆದ. ಮಾತಿಲ್ಲ. ಉಸಿರೂ ಇಲ್ಲ.

"ಹಲೋ? ಹಲೋ? ಥೂ, ಯಾವುದೋ ಕೆಟ್ಟ ಲೈನು."

ಫೋನ್ ಕುಕ್ಕಿದ ಸದ್ದು.

ತಾಯಿ ಒಳಗೆ ಬಂದಳು. ಅವನ ರಟ್ಟೆ ಹಿಡಿದು ಮಗಳ ಮಂಚದ ಮೇಲೆ ಕೂರಿಸಿದಳು.

"ಆಫೀಸಲ್ಲಿ ಸಹಿ ನೋಡ್ಕೊಂಡು ಬಂದಿದ್ದೆ. ನಿನ್ನನ್ನೇ ಕಳಿಸಿ ಅಂತ ಕೇಳಿದ್ದೂ ನಾನೇ."

ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅವಳು ಪಕ್ಕದಲ್ಲಿ ಕೂತು ಮೆಲ್ಲಗೆ ಬೆನ್ನು ಸವರತೊಡಗಿದಳು.

"ಹೆದರ್ಬೇಡಪ್ಪಾ. ಫೋನ್ ಮಾಡಿದೀಯಲ್ಲ, ಯಾರಾದ್ರೂ ಬಂದೇ ಬರ್ತಾರೆ. ನನ್ನ ಮಗಳಿಗೂ ಕೊನೇವರೆಗೂ ಹೀಗೇ ಹೇಳ್ತಾ ಇದ್ದೆ."